ಅಪ್ಪನ ಬಗ್ಗೆ ಬರೆಯಿರಿ, ಅಣ್ಣನ ಮಾತನ್ನೂ ಸೇರಿಸಿ

ಚಾಮರಾಜಪೇಟೆಯ ಓದುಗರೊಬ್ಬರ ಪತ್ರದ ಸಾರ: ‘ನಮ್ಮ ತಂದೆ ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ದೂರವಾಣಿನಗರದ ಐ.ಟಿ.ಐ. ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ದೈವಭಕ್ತರು. ಕೆಲಸದಲ್ಲಿದ್ದಾಗ ಶಿಫ್ಟ್ ಮುಗಿಸಿಕೊಂಡು, ನಿವೃತ್ತಿಯ ಮೇಲೆ ಬೆಳಗ್ಗೆಯೇ, ವಿಕ್ಟೋರಿಯಾ ಆಸ್ಪತ್ರೆಗೆ ಹೋಗಿ ಪರಊರಿನ ರೋಗಿಗಳಿಗೆ ಅರ್ಜಿ ತುಂಬಿಕೊಡುತ್ತಿದ್ದರು, ದಾರಿ ತೋರಿಸುತ್ತಿದ್ದರು, ರಕ್ತ ಹೊಂದಿಸುತ್ತಿದ್ದರು. ವರ್ಷದ ತಿಥಿಯ ಹೊತ್ತಿಗೆ ನಿಮ್ಮ ನುಡಿನಮನ ಪುಟಕ್ಕೆ ಅವರ ಬಗ್ಗೆ ಬರೆಯುವ ಆಸೆ. ಆದರೆ ಆ ಪುಟದಲ್ಲಿ ಬರುವವರು ಹೆಸರಾದವರು. ನಮ್ಮ ಬೀದಿಯಾಚೆ ಅಪ್ಪನನ್ನು ಬಲ್ಲವರು ಯಾರು? ಅವರ ಭಕ್ತಿಯ ಬಗ್ಗೆ ಎಷ್ಟು ಬರೆಯಲಿ, ಈಗಿನವರು ನಗುವುದಿಲ್ಲವೇ? ಅಣ್ಣ ಬೇರೆ, “ಅಪ್ಪ ಊರಿಗೆಲ್ಲ ಅಪ್ಪ, ನಮಗೆ ಮಿಕ್ಕ ಹೊತ್ತಿನಲ್ಲಿ” ಅನ್ನುತ್ತಾನೆ. ಅದನ್ನು ಬರೆಯಲೇ, ಬಿಡಲೇ?’

ಪ್ರಿಯ ಸೋದರಿ,

ನೀವು ಪತ್ರದ ಜೊತೆ ಒಂದು ಪುಟದ ಕರಡನ್ನೂ ಇಟ್ಟಿದ್ದೀರಿ. ಎರಡನ್ನೂ ಓದಿದೆ. ಕರಡಿನಲ್ಲಿ ನಿಮ್ಮ ತಂದೆ ‘ಸರಳ ಸಜ್ಜನಿಕೆಯ ಮೂರ್ತಿ’, ‘ಆದರ್ಶ ಗೃಹಸ್ಥ’, ‘ನಿಸ್ವಾರ್ಥ ಸೇವಾಜೀವಿ’. ಎಲ್ಲವೂ ನಿಜವೇ ಇರಬಹುದು. ಆದರೆ ಆ ಪುಟದಲ್ಲಿ ಅವರ ಮುಖ ನನಗೆ ಕಾಣಲಿಲ್ಲ. ಪತ್ರದಲ್ಲಿ ಕಂಡಿತು. ಆಸ್ಪತ್ರೆಯಿಂದ ಬರುತ್ತಾ ಮಾರ್ಕೆಟ್ಟಿನಲ್ಲಿ ಇಳಿದು ಅಮ್ಮನಿಗೆ ಒಂದು ಮೊಳ ಮಲ್ಲಿಗೆ ತರುತ್ತಿದ್ದರು, ಹೂವು ತುಟ್ಟಿಯಾದ ದಿನ ಅರ್ಧ ಮೊಳವಾದರೂ ಸರಿ, ಬರಿಗೈಯಲ್ಲಿ ಬಂದವರಲ್ಲ ಎಂದು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಲ್ಲ, ಆ ಸಾಲು ಲೇಖನದ ಮೊದಲ ಪ್ಯಾರಾಕ್ಕೆ ಬರಲಿ. ‘ಆದರ್ಶ ಗೃಹಸ್ಥ’ ತಾನಾಗಿಯೇ ಬಿದ್ದುಹೋಗುತ್ತದೆ.

ಹೆಸರಿಲ್ಲದವರ ಬಗ್ಗೆ ಬರೆಯಬಹುದೇ ಎಂದು ಕೇಳಿದ್ದೀರಿ. ಸಾಧ್ಯವಾದರೆ ಒಂದು ಭಾನುವಾರ ಬೇಗೂರಿಗೆ ಹೋಗಿಬನ್ನಿ. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಕ್ರಿ.ಶ. 890ರ ಸುಮಾರಿನ ಶಾಸನವೊಂದಿದೆ. ನಮ್ಮ ಊರಿನ ಹೆಸರು ಸಿಗುವ ಅತಿ ಹಳೆಯ ಬರಹಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಯಾವ ದೊರೆಯ ದಿಗ್ವಿಜಯವೂ ಅದರಲ್ಲಿಲ್ಲ. ಬೆಂಗಳೂರ ಕಾಳಗದಲ್ಲಿ ಮಡಿದ, ಗಂಗರ ಅಧಿಕಾರಿ ನಾಗತ್ತರನ ಮನೆಗೆ ಸೇರಿದವನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಯಾರ ಕಡೆಯವನು, ಯಾವ ಕಾಳಗ, ಏನಾದ, ಇಷ್ಟನ್ನು ಕೆತ್ತಿಸಿ ನಿಲ್ಲಿಸಿದರು. ಅವರು ಹಾಗೆ ಒಬ್ಬ ಮನೆಯವನನ್ನು ನೆನೆದದ್ದರಿಂದಲೇ ಈ ಊರು ಹನ್ನೊಂದು ಶತಮಾನದ ಹಿಂದೆಯೂ ಇದೇ ಹೆಸರಿನಲ್ಲಿತ್ತು ಎಂಬುದು ನಮಗೆ ಗೊತ್ತಾಯಿತು. ನಿಮ್ಮ ತಂದೆ ನಮ್ಮ ಪುಟಕ್ಕೆ ಸಲ್ಲುತ್ತಾರೆಯೇ ಎಂಬ ಅಳುಕನ್ನು ಬಿಟ್ಟುಬಿಡಿ. ಯಾರ ಮನೆಯವರು, ಎಲ್ಲಿ ನಿಂತರು, ಏನು ಮಾಡಿದರು, ಅದನ್ನು ಹೇಳಿ.

ಎಲ್ಲಿ ನಿಂತರು ಎಂಬಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದು ನನ್ನ ಕೋರಿಕೆ. ‘ಆಸ್ಪತ್ರೆಯಲ್ಲಿ ಸೇವೆ’ ಎಂದು ಎರಡು ಪದದಲ್ಲಿ ಮುಗಿಸಿದ್ದೀರಿ. ಆ ಜಾಗವನ್ನು ನೋಡದವರಿಗೆ ಆ ಎರಡು ಪದದಿಂದ ಏನೂ ತಿಳಿಯುವುದಿಲ್ಲ. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಬಾಗಿಲು ತೆರೆದ ಆಸ್ಪತ್ರೆ ಅದು. ಆಮೇಲೆ ಅಕ್ಕಪಕ್ಕದಲ್ಲಿ ಕಣ್ಣಿಗೆ ಮಿಂಟೋ, ಹೆಂಗಸರು ಮಕ್ಕಳಿಗೆ ವಾಣಿವಿಲಾಸ, ಇನ್ನೂ ಎಷ್ಟೋ ಬ್ಲಾಕುಗಳು ಬಂದವು. ನಮ್ಮಂಥ ಊರಿನವರಿಗೇ ಅಲ್ಲಿ ದಾರಿ ತಪ್ಪುತ್ತದೆ. ಇನ್ನು ಯಾದಗಿರಿಯಿಂದಲೋ ರಾಯಚೂರಿನಿಂದಲೋ ರಾತ್ರಿಯೆಲ್ಲ ಕೂತು ಬಂದು, ಮೆಜೆಸ್ಟಿಕ್ಕಿನಲ್ಲಿ ಇಳಿದು, ಸಿಟಿ ಬಸ್ಸು ಹಿಡಿದು, ಕಂಕುಳಲ್ಲಿ ಜ್ವರದ ಮಗುವನ್ನೋ ಹೆಗಲಿಗೆ ಮುದಿ ತಾಯಿಯನ್ನೋ ಒರಗಿಸಿಕೊಂಡು ಗೇಟಿನೊಳಗೆ ಕಾಲಿಟ್ಟವರ ಪಾಡೇನು? ಓಪಿಡಿ ಚೀಟಿ ಒಂದು ಕಡೆ, ರಕ್ತಪರೀಕ್ಷೆ ಇನ್ನೊಂದು ಕಡೆ, ಸ್ಕ್ಯಾನಿಂಗ್ ಮತ್ತೊಂದು ಕಡೆ. ರೇಷನ್ ಕಾರ್ಡಿನ ಜೆರಾಕ್ಸ್, ಆಧಾರ್, ರೆಫರಲ್ ಪತ್ರ ಎಲ್ಲ ಕೂಡಿದರೆ ಸರ್ಕಾರಿ ಯೋಜನೆಯ ಅರ್ಜಿ. ಒಂದು ಕಾಗದ ಕಮ್ಮಿಯಾದರೆ ಮಾರನೆಯ ದಿನದ ಮಾತು, ಮಾರನೆಯ ದಿನವೆಂದರೆ ಮತ್ತೊಂದು ರಾತ್ರಿ ಜಗಲಿಯ ಮೇಲೆ.

ಆ ಗೇಟಿನ ಹತ್ತಿರ ನಿಮ್ಮ ತಂದೆ ಜೇಬಿನಲ್ಲಿ ಎರಡು ಪೆನ್ನು ಇಟ್ಟುಕೊಂಡು ನಿಲ್ಲುತ್ತಿದ್ದರು ಎಂದಿದ್ದೀರಿ. ಚೀಟಿಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ, ಮೊದಲು ಎಲ್ಲಿ, ಆಮೇಲೆ ಎಲ್ಲಿ, ಯಾವ ಬಾಗಿಲಿಗೆ ಯಾವ ಕಾಗದ ಎಂದು ಕನ್ನಡದಲ್ಲಿ ಬರೆದುಕೊಡುತ್ತಿದ್ದರಂತೆ. ಓದು ಬಾರದವರ ಜೊತೆ ತಾವೇ ನಡೆದುಹೋಗುತ್ತಿದ್ದರಂತೆ. ಸೋದರಿ, ಇದು ದೊಡ್ಡ ಕೆಲಸ. ಹಣ ಕೊಡುವವರು ಸಿಗುತ್ತಾರೆ, ಹಣ್ಣು ಹಂಚಿ ಫೋಟೋ ತೆಗೆಸಿಕೊಳ್ಳುವವರೂ ಸಿಗುತ್ತಾರೆ. ಅಪರಿಚಿತರ ಜೊತೆ ಕೌಂಟರಿನ ಸಾಲಿನಲ್ಲಿ ಎರಡು ಗಂಟೆ ನಿಲ್ಲುವವರು ಸಿಗುವುದಿಲ್ಲ. ಅವರು ಬರೆದುಕೊಟ್ಟಂಥ ಒಂದು ಚೀಟಿಯಾದರೂ ನಿಮ್ಮ ಮನೆಯಲ್ಲಿ ಉಳಿದಿದ್ದರೆ ಅದರ ಒಕ್ಕಣೆಯನ್ನು ಹಾಗೆಯೇ ಲೇಖನದಲ್ಲಿ ಕೊಡಿ.

ರಕ್ತದ ವಿಷಯದಲ್ಲೂ ಅಷ್ಟೆ. ‘ಹಲವು ಬಾರಿ ರಕ್ತದಾನ ಮಾಡಿದ್ದರು’ ಎನ್ನುವ ಬದಲು ಅವರು ಅದನ್ನು ಹೇಗೆ ಬಾಳಿನ ಲೆಕ್ಕದೊಳಗೆ ತಂದುಕೊಂಡಿದ್ದರು ಎಂದು ಹೇಳಿ. ಗಂಡಸರು ಒಮ್ಮೆ ಕೊಟ್ಟ ಮೇಲೆ 90 ದಿನ ಬಿಟ್ಟು ಮತ್ತೆ ಕೊಡಬಹುದು. ಆರೋಗ್ಯ ಸರಿಯಿದ್ದರೆ 65 ವಯಸ್ಸಿನವರೆಗೆ. ನಿಮ್ಮ ತಂದೆ ದೇವರ ಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲಿ ಮುಂದಿನ ರಕ್ತದಾನದ ತಾರೀಖಿಗೂ ಕುಂಕುಮದ ಬೊಟ್ಟು ಇಡುತ್ತಿದ್ದರು ಎಂಬ ಮಾತನ್ನು ನಾನು ಮತ್ತೆ ಮತ್ತೆ ಓದಿದೆ. ಭಕ್ತಿಯ ಬಗ್ಗೆ ಎಷ್ಟು ಬರೆಯಲಿ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಆ ಕ್ಯಾಲೆಂಡರಿನಲ್ಲೇ ಇದೆ.

ಈಚೆಗೆ ನಮಗೆ ಬರುವ ನುಡಿನಮನಗಳಲ್ಲಿ ಎರಡು ಬಗೆ. ಕೆಲವರು ಹೋದವರನ್ನು ದೇವರ ಪಟದ ಪಕ್ಕ ಕೂರಿಸಿ ಮಂಗಳಾರತಿ ಎತ್ತುತ್ತಾರೆ. ಇನ್ನು ಕೆಲವರು ಓದುಗರು ಏನಂದುಕೊಳ್ಳುವರೋ ಎಂಬ ಸಂಕೋಚದಿಂದ ದೇವರನ್ನೇ ಅಳಿಸಿ, ‘ಮಾನವೀಯ ಮೌಲ್ಯಗಳ ಪ್ರತಿಪಾದಕ’ ಎಂದು ಬರೆಯುತ್ತಾರೆ. ಎರಡನೆಯದು ನನಗೆ ಹೆಚ್ಚು ನೋವು ಕೊಡುತ್ತದೆ. ಬೆಳಗ್ಗೆ ದೀಪ ಹಚ್ಚದೆ ಹೊಸಿಲು ದಾಟದ ಮನುಷ್ಯನ ಬಾಳಿನಿಂದ ಆ ದೀಪವನ್ನೇ ತೆಗೆದರೆ ಅವರನ್ನು ಅರ್ಧ ಮಾತ್ರ ನೆನೆದಂತೆ. ನಗುವವರು ನಗಲಿ. ರಾಮನವಮಿಯ ಹಿಂದಿನ ರಾತ್ರಿ ಹೆಸರುಬೇಳೆ ನೆನೆಹಾಕಿ, ಬೆಲ್ಲ ಕುಟ್ಟಿ, ಶುಂಠಿ ಏಲಕ್ಕಿ ಅಣಿಮಾಡಿ, ಮರುದಿನ ಬೀದಿಯ ಮೂಲೆಯಲ್ಲಿ ಬಿಸಿಲಿಗೆ ಬಂದವರಿಗೆಲ್ಲ ಪಾನಕ, ನೀರುಮಜ್ಜಿಗೆ, ಕೋಸಂಬರಿ ಕೊಟ್ಟು, ಸಂಜೆ ಸ್ನಾನ ಮಾಡಿ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವ ಸಂಗೀತಕ್ಕೆ ಹೋಗಿ ಕೂರುತ್ತಿದ್ದರು ಎಂದು ಬರೆಯಿರಿ. 1939ರಿಂದ ನಡೆದುಬಂದ ಆ ರಾಮೋತ್ಸವ ನಮ್ಮ ಓದುಗರಲ್ಲಿ ಎಷ್ಟೋ ಮಂದಿಗೆ ಮನೆಯ ಹಬ್ಬವೇ. ಪಾನಕ ಕುಡಿಯಲು ಬಂದ ಕಸ ಗುಡಿಸುವವರಿಗೆ ಮೊದಲ ಲೋಟ ಕೊಡುತ್ತಿದ್ದರು ಎಂದಿರಿ, ಅದನ್ನು ಮರೆಯಬೇಡಿ. ಅವರ ದೇವರು ಎಂಥವನು ಎಂದು ತಿಳಿಯಲು ಅಷ್ಟು ಸಾಕು, ನೀವು ಬೇರೆ ವಿವರಿಸಬೇಕಿಲ್ಲ.

ಈಗ ಅಣ್ಣನ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ ಭಾಗ ಇದು. ಪಿಯುಸಿ ಸೇರುವಾಗ ಅರ್ಜಿಯ ಸಾಲಿನಲ್ಲಿ ಹುಡುಗ ಒಬ್ಬನೇ ನಿಂತಿದ್ದ, ಅದೇ ಹೊತ್ತಿನಲ್ಲಿ ಅಪ್ಪ ಆಸ್ಪತ್ರೆಯಲ್ಲಿ ಇನ್ಯಾರದೋ ಅರ್ಜಿ ತುಂಬುತ್ತಿದ್ದರು. ಮೂವತ್ತು ವರ್ಷ ಕಳೆದರೂ ಅವರಿಗೆ ಅದು ಮರೆತಿಲ್ಲ. ಮರೆಯಬೇಕೆಂದು ಹೇಳುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ಊರಿಗೆ ಉಪಕಾರಿಯಾದವರ ಮನೆಯಲ್ಲಿ ಇಂಥದ್ದೊಂದು ಖಾಲಿ ಕುರ್ಚಿ ಬಹಳ ಸಲ ಇರುತ್ತದೆ. ಅದನ್ನು ಮುಚ್ಚಿಟ್ಟು ಬರೆದರೆ ಓದುಗರಿಗೆ ತಿಳಿಯದೇ ಹೋಗಬಹುದು, ಆದರೆ ಅಚ್ಚಾದ ಪುಟವನ್ನು ಅಣ್ಣನ ಕೈಗೆ ಕೊಡುವಾಗ ನಿಮಗೆ ಕಷ್ಟವಾಗುತ್ತದೆ.

ಆದರೆ ನೀವೇ ಬರೆದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಪ್ಪ ಹೋದದ್ದು ನಡುರಾತ್ರಿ. ಕಣ್ಣುದಾನಕ್ಕೆ ಅವರು ಹೆಸರು ಬರೆಸಿ ವರ್ಷಗಳಾಗಿತ್ತು. ಹಾಗೆ ಬರೆಸಿದ್ದು ಅವರ ಇಚ್ಛೆಯನ್ನು ತಿಳಿಸುತ್ತದೆ, ಅಷ್ಟೆ. ಉಸಿರು ನಿಂತ ಮೇಲೆ ಮನೆಯವರು ಒಪ್ಪಿ, ನೇತ್ರಬ್ಯಾಂಕಿಗೆ ಫೋನ್ ಮಾಡದೆ ಏನೂ ನಡೆಯುವುದಿಲ್ಲ. ಅದೂ ಸುಮಾರು 6 ಗಂಟೆಗಳ ಒಳಗೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಗೆಯಬೇಕು. ಅದುವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನ್ ಆರಿಸಿರಬೇಕು. ಮನೆಯೆಲ್ಲ ಅಳುತ್ತಿರುವ ಹೊತ್ತಿನಲ್ಲಿ ಇಷ್ಟನ್ನು ನೆನಪಿಟ್ಟುಕೊಂಡು ಮಾಡಿದವರು ಯಾರು? ನಿಮ್ಮ ಅಣ್ಣ. ‘ಕಣ್ಣಿಲ್ಲದೆ ಕಳಿಸಿದರೆ ಮೇಲೆ ಹೋಗಿ ದಾರಿ ಹೇಗೆ ನೋಡುತ್ತಾನೆ’ ಎಂದ ಹಿರಿಯರಿಗೆ, ‘ಅವರ ಕಣ್ಣು ಅವರು ಕೊಟ್ಟಾಗಿದೆ, ನಾವು ತಡೆಯೋಕೆ ಯಾರು’ ಎಂದವರು ನಿಮ್ಮ ತಾಯಿ.

2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು ಮನೆಯವರು ದಾನ ಕೊಟ್ಟಾಗ, ಆಮೇಲೆ 2021ರ ಅಕ್ಟೋಬರಿನಲ್ಲಿ ಪುನೀತ್ ಅವರ ಎರಡು ಕಾರ್ನಿಯಾಗಳು ನಾಲ್ಕು ಜನಕ್ಕೆ ನೋಟ ಕೊಟ್ಟಾಗ, ನಾಡೆಲ್ಲ ಅವರನ್ನು ಕೊಂಡಾಡಿತು. ಅಂಥ ರಾತ್ರಿ ಫೋನ್ ಎತ್ತಿಕೊಂಡ ಮನೆಯವರ ಗಟ್ಟಿತನದ ಬಗ್ಗೆ ನಾವು ಅಷ್ಟಾಗಿ ಮಾತಾಡುವುದಿಲ್ಲ. ನಿಮ್ಮ ತಂದೆಯ ಕೊನೆಯ ಸೇವೆಯನ್ನು ಮಾಡಿದ ಕೈ, ಅವರ ಮೇಲೆ ಮುನಿಸಿದ್ದ ಮಗನದು. ಇದನ್ನು ಬರೆಯುವಾಗ ಮುನಿಸು ಕರಗಿತು ಎಂದು ದಯವಿಟ್ಟು ಸೇರಿಸಬೇಡಿ. ಕರಗಿರಲಿಕ್ಕಿಲ್ಲ. ಮುನಿಸೂ ಇತ್ತು, ಫೋನೂ ಮಾಡಿದರು. ಎರಡೂ ಇರಲಿ. ಅಣ್ಣನ ಮಾತನ್ನು ನೀವು ನಿಮ್ಮ ನುಡಿಯಲ್ಲಿ ಮೆದುವಾಗಿಸಿ ಹೇಳುವುದಕ್ಕಿಂತ, ಒಂದು ಪ್ಯಾರಾವನ್ನು ಅವರೇ ಬರೆದುಕೊಟ್ಟರೆ ಒಳ್ಳೆಯದು. ಅವರ ಹೆಸರಿನಲ್ಲೇ, ತಿದ್ದದೆ ಹಾಕುತ್ತೇನೆ.

ನೀವು ಕೇಳದೇ ಇದ್ದ ಒಂದು ಮಾತನ್ನು ಹೇಳಬೇಕಾಗಿದೆ. ಕರಡಿನಲ್ಲಿ ತಾಯಿಯವರಿಗೆ ಸಿಕ್ಕಿರುವುದು ಒಂದೇ ಸಾಲು: ‘ಎಲ್ಲಕ್ಕೂ ಬೆನ್ನೆಲುಬಾಗಿದ್ದರು’. ಪತ್ರದಲ್ಲಿ ನೋಡಿದರೆ ವಾರ್ಡಿನಲ್ಲಿ ಯಾರೂ ಇಲ್ಲದವರಿಗೆ ಎರಡು ಡಬ್ಬಿ ಮುದ್ದೆ ಸಾರು ಕಟ್ಟುತ್ತಿದ್ದವರು ಅವರು. ಸಂಬಳದ ದಿನ ಮನೆಯ ಖರ್ಚು ಮೊದಲು ಎತ್ತಿಟ್ಟು, ಉಳಿದದ್ದರಲ್ಲಿ ನಿಮ್ಮ ಪುಣ್ಯ ಎಂದು ಗೆರೆ ಎಳೆದವರೂ ಅವರೇ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕತೆ ನಿಮಗೆ ಗೊತ್ತಿರುತ್ತದೆ. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ’ ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬರಲು ಹಿಂದಕ್ಕೆ ಕಳಿಸಿದವಳು ಲಕ್ಕಮ್ಮ. ಕಾಯಕವೇ ಕೈಲಾಸ ಎಂದ ಮಾರಯ್ಯನನ್ನು ನೆನೆಯುವವರು ಲಕ್ಕಮ್ಮನನ್ನು ಬಿಟ್ಟು ನೆನೆಯಲಾರರು. ನಿಮ್ಮ ತಂದೆ ಎಲ್ಲಿ ಅತಿಗೆ ಹೋಗುತ್ತಿದ್ದರು, ಎಲ್ಲಿ ಅಮ್ಮ ತಡೆದರು, ಎಲ್ಲಿ ತಡೆಯಲಾಗಲಿಲ್ಲ, ಅಣ್ಣನ ಅರ್ಜಿಯ ದಿನ ಅವರು ಗಂಡನಿಗೆ ಏನಂದರು, ಇದನ್ನೆಲ್ಲ ಬಲ್ಲವರು ಅವರೊಬ್ಬರೇ. ಸಂಜೆ ಅವರ ಪಕ್ಕದಲ್ಲಿ ಒಂದು ನೋಟ್ ಪುಸ್ತಕ ಹಿಡಿದು ಕೂತುಕೊಳ್ಳಿ. ನಮ್ಮ ಪುಟಕ್ಕೆ ಬರಲಿ ಬಾರದಿರಲಿ, ಆ ಪುಸ್ತಕ ನಿಮ್ಮ ಮನೆಯಲ್ಲಿರಬೇಕು.

ಇನ್ನು ಚಿಕ್ಕ ಸಂಗತಿಗಳು. ನಿಮ್ಮ ತಂದೆಯಿಂದ ಉಪಕಾರ ಪಡೆದ ರೋಗಿಗಳ ಹೆಸರನ್ನೋ ಕಾಯಿಲೆಯನ್ನೋ ಬರೆಯಬೇಡಿ. ಅವರ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ನಮ್ಮ ಪುಟದಿಂದ ಗೊತ್ತಾಗಬಾರದು. ಜಿಲ್ಲೆಯ ಹೆಸರು ಸಾಕು. ಕಾರ್ಖಾನೆಯ ದಿನಗಳನ್ನು ನಾಲ್ಕೈದು ಸಾಲಿನಲ್ಲಿ ಮುಗಿಸಬಹುದು, ಆದರೆ ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಅವರು ಜೋಡಿಸಿದ ಟೆಲಿಫೋನು ಯಾರದೋ ಮನೆಯಲ್ಲಿ ಕಂಡಾಗ ‘ಇದು ನಮ್ಮದು’ ಎಂದು ಮುಟ್ಟಿ ನೋಡುತ್ತಿದ್ದರು ಎಂಬುದು ಇರಲಿ. ಅಭಿನಂದನಾ ಪತ್ರಗಳ ಪಟ್ಟಿ ಬೇಡ. ನೀವು ಕಳಿಸಿದ ಎರಡು ಫೋಟೋಗಳಲ್ಲಿ ಹಾರ ಹಾಕಿದ್ದನ್ನು ವಾಪಸು ಕಳಿಸುತ್ತಿದ್ದೇನೆ. ಪಾನಕದ ಕೊಳಗದ ಮುಂದೆ ಅಂಗಿಯ ತೋಳು ಮಡಿಚಿಕೊಂಡು, ಕ್ಯಾಮೆರಾ ಕಡೆ ನೋಡದೆ ಯಾರಿಗೋ ಲೋಟ ನೀಡುತ್ತಿರುವ ಫೋಟೋವನ್ನು ಇಟ್ಟುಕೊಂಡಿದ್ದೇನೆ.

ಕಾರ್ತಿಕದ ಸಂಚಿಕೆಗೆ ಬೇಕಾದರೆ ಮಹಾನವಮಿಯೊಳಗೆ ನನ್ನ ಕೈ ಸೇರಲಿ. ಎಂಟುನೂರು ಪದ ದಾಟಿದರೂ ಚಿಂತೆಯಿಲ್ಲ, ಒಂದು ಪುಟ ಹೆಚ್ಚು ಕೊಡುತ್ತೇನೆ. ಅಣ್ಣನ ಪ್ಯಾರಾ ಬರುವುದು ತಡವಾದರೆ ಮುಂದಿನ ಸಂಚಿಕೆಯವರೆಗೆ ಕಾಯುತ್ತೇನೆ. ಬರೆಯಲು ಅವರಿಗೆ ಮನಸ್ಸಿಲ್ಲದಿದ್ದರೆ, ನೀವು ಬರೆದದ್ದನ್ನು ಕಳಿಸುವ ಮೊದಲು ಅವರಿಗೂ ಅಮ್ಮನಿಗೂ ಒಮ್ಮೆ ಓದಿ ಹೇಳಿ. ಅವರಿಬ್ಬರೂ ‘ಹೌದು, ಹೀಗೇ ಇದ್ದರು’ ಎಂದ ಮೇಲೆ ಕಳಿಸಿ.

– ಸಂಪಾದಕ