ಮಡಿಕೇರಿಯಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ನೇರ ಗೆರೆಯಲ್ಲಿ ಅಳೆದರೆ ಸುಮಾರು 1,800 ಕಿ.ಮೀ. ಆದರೆ ಕೊಡಗಿನಿಂದ ಪ್ರಯಾಣಿಕ ವಿಮಾನಸೇವೆ ಇಲ್ಲದಿರುವುದರಿಂದ ಈ ಅಂಕಿಯನ್ನು ನಂಬಿ ಹೊರಡಬೇಡಿ. ನಿಮ್ಮ ದಿನವನ್ನು ತಿನ್ನುವುದು ಆಕಾಶವಲ್ಲ, ಘಟ್ಟದ ರಸ್ತೆ.

ಬೆಂಗಳೂರು–ದೆಹಲಿ ವಾಯುದೂರ ಸುಮಾರು 1,700 ಕಿ.ಮೀ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ದಾಟಿ ಹಾರಿದರೂ ರನ್‌ವೇ ತಲುಪುವುದು, ಏರುವುದು, ಇಳಿಯುವುದು ಎಲ್ಲ ಸೇರಿ ಎರಡೂಮುಕ್ಕಾಲು ಗಂಟೆ ಬೇಕು. ಮಡಿಕೇರಿಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಮಾತ್ರ ಆರೇಳು ಗಂಟೆ ಹಿಡಿಯುತ್ತದೆ; ಬೆಂಗಳೂರು ನಗರವನ್ನು ದಾಟಿ ಆಚೆ ಹೋಗಬೇಕಲ್ಲ!

ವಿರಾಜಪೇಟೆ ಕಡೆಯವರು ಮೊದಲು ಕಣ್ಣೂರು ವಿಮಾನ ನಿಲ್ದಾಣದ ವೇಳಾಪಟ್ಟಿ ನೋಡಲಿ. 2018ರ ಡಿಸೆಂಬರ್‌ನಲ್ಲಿ ಆರಂಭವಾದ ಇದು ಮಟ್ಟನ್ನೂರಿನಲ್ಲಿದೆ. ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ಮಾರ್ಗವಾಗಿ ವಿರಾಜಪೇಟೆಯಿಂದ ಸುಮಾರು 60 ಕಿ.ಮೀ., ಮಡಿಕೇರಿಯಿಂದ 90ರ ಆಸುಪಾಸು. ಅಲ್ಲಿಂದ ದೆಹಲಿಗೆ ನೇರ ವಿಮಾನ ಸಿಕ್ಕರೆ ಮೂರು ಗಂಟೆಯ ಹಾರಾಟ. ರಜೆಗೆ ಬಂದುಹೋಗುವ ನಮ್ಮ ಸೈನಿಕ ಕುಟುಂಬಗಳಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಮಂಗಳೂರೂ ಆಗುತ್ತದೆ, ಸಂಪಾಜೆ ಘಟ್ಟ ಇಳಿದು ಸುಮಾರು 140 ಕಿ.ಮೀ.

ಮಳೆಗಾಲದಲ್ಲಿ ಮಾತ್ರ ದಯವಿಟ್ಟು ಎರಡು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಸಂಪಾಜೆ ರಸ್ತೆ ಹೇಗೆ ಕಡಿದುಹೋಯಿತೆಂಬುದು ಇಲ್ಲಿನವರಿಗೆಲ್ಲ ನೆನಪಿದೆ. ಮಾಕುಟ್ಟದಲ್ಲೂ ಗುಡ್ಡ ಕುಸಿಯುತ್ತದೆ. ಚೆಕ್‌-ಇನ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜಿನಿಂದ ಬೆಳಗಿನ ವಿಮಾನಗಳು ತಡವಾಗುವುದುಂಟು, ಆಗ ಮಧ್ಯಾಹ್ನ ತಲುಪುವ ವಿಮಾನವೇ ಒಳ್ಳೆಯದು.