ಒಂಬತ್ತನೇ ಕ್ಲಾಸಿನ ಮಗನಿಗೆ ಮುಂದೆ ಐಐಟಿ, ಎನ್‌ಐಟಿ ಸೀಟು ಸಿಗಲು ಈಗಿನಿಂದಲೇ ಯಾವ ಯಾವ ಸರ್ಟಿಫಿಕೇಟ್ ಮಾಡಿಸಬೇಕು?

ಅಕ್ಕಾ, ನಿಮ್ಮ ಪ್ರಶ್ನೆ ಓದಿ ನಮ್ಮ ಮನೆ ಬೀರುವಿನಲ್ಲಿದ್ದ ನೀಲಿ ಫೈಲ್ ನೆನಪಾಯಿತು. ನಾನು ಜಗಳೂರು ತಾಲ್ಲೂಕಿನವನು, ಹೈಸ್ಕೂಲಿಗೇ ದಾವಣಗೆರೆಗೆ ಬಂದು ಹಾಸ್ಟೆಲ್ ಸೇರಿದೆ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಒಲಿಂಪಿಯಾಡ್, ಅಬಾಕಸ್, ಹಿಂದಿ ಪರೀಕ್ಷೆ ಅಂತ ಎಲ್ಲದಕ್ಕೂ ಫೀಸು ಕಟ್ಟಿದರು. ಫೈಲಿನಲ್ಲಿ ಮೂವತ್ತಕ್ಕೂ ಜಾಸ್ತಿ ಸರ್ಟಿಫಿಕೇಟ್ ಇದ್ದವು. 2023ರಲ್ಲಿ ಸೀಟಿನ ಹೊತ್ತಿಗೆ ಅವನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಬೇರೆ ಕಾಗದ, ಅದು ನನ್ನ ಹತ್ತಿರ ಇರಲಿಲ್ಲ.

ಆ ಕಾಗದದ ವಿಷಯ ಬಿಡಿಸಿ ಹೇಳಲೇಬೇಕು. ನಮ್ಮದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 2ಎ. ಸಿಇಟಿಗೆ ಬೇಕು ಅಂತ ನಾಡಕಚೇರಿಯಲ್ಲಿ ಜಾತಿ-ಆದಾಯ ಪ್ರಮಾಣ ಪತ್ರ ಮೊದಲೇ ಮಾಡಿಸಿದ್ದೆವು, ಪತ್ರದ ಮೇಲೆ ಆರ್‌ಡಿ ನಂಬರ್ ಇತ್ತು, ಐದು ವರ್ಷ ನಡೆಯುತ್ತೆ ಅಂದಿದ್ದರು. ಅದೇ ಸಾಕು ಅಂದುಕೊಂಡು ಜೆಇಇ ಮೇನ್ ಅರ್ಜಿಯಲ್ಲಿ ಒಬಿಸಿ-ಎನ್‌ಸಿಎಲ್ (ಹಿಂದುಳಿದ ವರ್ಗದಲ್ಲಿ ಸ್ಥಿತಿವಂತರ ಕೆನೆಪದರಕ್ಕೆ ಸೇರದವರು) ಅಂತ ಹಾಕಿಬಿಟ್ಟೆ. ಸಾಲುವುದಿಲ್ಲ ಅಕ್ಕಾ. 2ಎ, 2ಬಿ, 3ಎ, 3ಬಿ ಇವೆಲ್ಲ ರಾಜ್ಯದ ಲೆಕ್ಕ. ಐಐಟಿ, ಎನ್‌ಐಟಿಗೆ ಕೇಂದ್ರದ ಪಟ್ಟಿ ಬೇರೆ, ಪತ್ರದ ನಮೂನೆಯೂ ಬೇರೆ, ರಾಜ್ಯದ ಪಟ್ಟಿಯಲ್ಲಿ ಇರುವವರೆಲ್ಲ ಅದರಲ್ಲಿ ಇರುತ್ತಾರೆ ಅಂತಲೂ ಇಲ್ಲ. ಇನ್ನೊಂದು, ಅದು ಸೀಟು ತೆಗೆದುಕೊಳ್ಳುವ ವರ್ಷದ ಏಪ್ರಿಲ್ 1ಕ್ಕೋ ಆಮೇಲೋ ಕೊಟ್ಟ ಪತ್ರ ಆಗಿರಬೇಕು. ಕೆನೆಪದರಕ್ಕೆ ಸೇರಿಲ್ಲ ಅನ್ನುವುದನ್ನು ಹೊಸದಾಗಿ ತೋರಿಸಬೇಕಲ್ವಾ, ಅದಕ್ಕೆ. ಇದೆಲ್ಲ ಮಾಹಿತಿ ಪುಸ್ತಕದಲ್ಲೇ ಇತ್ತು, ನಮೂನೆ ಸಮೇತ. ನಾನು ಸಿಲಬಸ್ ಪುಟ ಮಾತ್ರ ಓದಿದ್ದೆ.

ಮೊದಲ ಸುತ್ತಿನಲ್ಲೇ ಸುರತ್ಕಲ್ ಎನ್‌ಐಟಿಕೆಯಲ್ಲಿ ಸಿವಿಲ್ ಬಂತು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ನಾನು ರಾಜ್ಯದ ಪತ್ರ ಅಪ್‌ಲೋಡ್ ಮಾಡಿದೆ, ಇದು ನಡೆಯಲ್ಲ, ಸರಿಯಾದದ್ದು ಹಾಕಿ ಅಂತ ಬಂತು. ಅಪ್ಪ ಜಗಳೂರಿಗೆ ಓಡಿದರು. ಗ್ರಾಮ ಲೆಕ್ಕಿಗರ (ವಿಎ) ವರದಿ, ಕಂದಾಯ ನಿರೀಕ್ಷಕರ (ಆರ್‌ಐ) ವರದಿ, ಆಮೇಲೆ ತಹಶೀಲ್ದಾರರ ಸಹಿ, ಅಷ್ಟರಲ್ಲಿ ಗಡುವು ಮುಗಿದಿತ್ತು. ನನ್ನನ್ನು ಜನರಲ್‌ಗೆ ಹಾಕಿದರು, ಆ ರ‍್ಯಾಂಕಿಗೆ ಜನರಲ್‌ನಲ್ಲಿ ಸುರತ್ಕಲ್ ಬರುವಂತಿರಲಿಲ್ಲ. ಕೊನೆಗೆ ಸಿಇಟಿಯಲ್ಲಿ ದಾವಣಗೆರೆಯಲ್ಲೇ ಸೇರಿದೆ. ಅಲ್ಲಿಗೆ ಅದೇ ಹಳೇ ಪತ್ರ ಸಾಕಾಯಿತು.

ಹಾಗಾಗಿ ಯಾವ ಸರ್ಟಿಫಿಕೇಟ್ ಮಾಡಿಸಲಿ ಅಂತ ಹೊರಟಿದ್ದೇ ತಪ್ಪು ಅನ್ನುತ್ತೇನೆ. ಅಮೆರಿಕದ ದೊಡ್ಡ ಯೂನಿವರ್ಸಿಟಿಗಳು ಹುಡುಗರ ಚಟುವಟಿಕೆ, ಪ್ರಬಂಧ ಎಲ್ಲಾ ನೋಡುತ್ತವೆ. ನೀವು ಕೇಳಿದ ಸೀಟುಗಳಿಗೆ ಬಹುತೇಕ ನೋಡುವುದು ರ‍್ಯಾಂಕ್. ಎನ್‌ಐಟಿಗೆ ಜೆಇಇ ಮೇನ್ ಜೊತೆ ಪಿಯುಸಿಯಲ್ಲಿ 75% ಬೇಕು, ಇಲ್ಲವೇ ಬೋರ್ಡಿನಲ್ಲಿ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಇರಬೇಕು. ಎಸ್‌ಸಿ, ಎಸ್‌ಟಿ ಮಕ್ಕಳಿಗೆ 65%. ಸುರತ್ಕಲ್‌ನಲ್ಲಿ ಅರ್ಧ ಸೀಟು ಕರ್ನಾಟಕದವರಿಗೇ ಇವೆ, ಜೆಇಇ ಮೇನ್ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ದುಡ್ಡು ಕೊಟ್ಟು ಮೆಡಲ್ ತರುವ ಒಲಿಂಪಿಯಾಡ್ ಈ ವರ್ಷವೇ ನಿಲ್ಲಿಸಿ. ಒಂಬತ್ತನೇ ಕ್ಲಾಸಿಗೆ ಕೋಚಿಂಗೂ ಬೇಡ, ಗಣಿತ ಗಟ್ಟಿ ಮಾಡಿಸಿ ಸಾಕು.

ಹುಡುಗನಿಗೆ ಇಂಜಿನಿಯರಿಂಗ್‌ಗಿಂತ ವಿಜ್ಞಾನವೇ ಇಷ್ಟ ಆದರೆ ಪಿಯುಸಿಯಲ್ಲಿ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಕೊಡಿಸಿ. ಕೇಂದ್ರದ ವಿಜ್ಞಾನ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ ಐಎಟಿಯಲ್ಲಿ 60 ಪ್ರಶ್ನೆ, ನಾಲ್ಕೂ ವಿಷಯದಿಂದ ತಲಾ 15. ಅದೇ ಅಂಕದ ಮೇಲೆ ಬೆಂಗಳೂರಿನ ಐಐಎಸ್‌ಸಿಗೂ ಅರ್ಜಿ ಹಾಕಬಹುದು. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಅವರ ಇನ್ನೊಂದು ಕ್ಯಾಂಪಸ್ಸೇ ಇದೆ, ಒಂದು ಸಲ ಆ ಕಡೆ ಕರೆದುಕೊಂಡು ಹೋಗಿ ಬನ್ನಿ.

ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯಾ ಅಂತ ಇವತ್ತೇ ನೋಡಿ. ಮಗನ ಹೆಸರು, ಅವರ ಅಪ್ಪನ ಹೆಸರು ಶಾಲೆ ದಾಖಲೆಯಲ್ಲೂ ಆಧಾರ್‌ನಲ್ಲೂ ಒಂದೇ ಥರ ಇರಲಿ, ಎಸ್ಸೆಸ್ಸೆಲ್ಸಿಗೆ ಮುಂಚೆ ತಿದ್ದಿಸುವುದು ಸುಲಭ.

ನನ್ನ ತಂಗಿ ಈ ವರ್ಷ ಜೆಇಇ ಬರೆದಳು. ಏಪ್ರಿಲ್ 2ಕ್ಕೇ ಅಪ್ಪ ಅರ್ಜಿ ಹಿಡಿದುಕೊಂಡು ನಾಡಕಚೇರಿಗೆ ಹೋಗಿದ್ದರು, ಇನ್ನೂ ಬಾಗಿಲು ತೆಗೆದಿರಲಿಲ್ಲವಂತೆ.