ಚೌಕಿಯೂ ಡ್ರ್ಯಾಗ್ ಶೋವೂ ಒಂದೇನಾ?

ಪ್ರಶ್ನೆ: ಗಡಿನಾಡಿನ ಕವಿ ನೀವು. ನಗರದ ಡ್ರ್ಯಾಗ್ ಶೋ (ಗಂಡು-ಹೆಣ್ಣಿನ ವೇಷವನ್ನು ಬೇಕೆಂದೇ ಅತಿಯಾಗಿ ಹಾಕಿ ಕುಣಿಯುವ ಪ್ರದರ್ಶನ), ಕ್ವಿಯರ್ (ಸಲಿಂಗಿ, ಲಿಂಗಾಂತರಿ ಮುಂತಾದ) ಜನರ ರಾತ್ರಿ ಪಾರ್ಟಿ, ಇವನ್ನೆಲ್ಲ ಯಾಕೆ ಬರೆಯುತ್ತೀರಿ? ನಮ್ಮ ಯಕ್ಷಗಾನದ ಸ್ತ್ರೀವೇಷವೂ ಅದೂ ಒಂದೇ ಅಲ್ವಾ?
– ಓದುಗರೊಬ್ಬರು, ಕುಂಬಳೆ

ಉತ್ತರ: ಒಂದೇ ಅಲ್ಲ. ಆದರೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಚೌಕಿಯೇ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ. ಚಿಕ್ಕಂದಿನಲ್ಲಿ ಯಕ್ಷಗಾನದ ಆಟ ನೋಡಲು ಹೋದಾಗ ನಾನು ರಂಗಸ್ಥಳಕ್ಕಿಂತ ಜಾಸ್ತಿ ಹೊತ್ತು ಚೌಕಿಯ ಬಾಗಿಲಲ್ಲೇ ನಿಂತಿರುತ್ತಿದ್ದೆ, ಗಡ್ಡ ಬೋಳಿಸಿಕೊಂಡು ಬಂದವರು ಕನ್ನಡಿ ಮುಂದೆ ನಿಧಾನಕ್ಕೆ ದಮಯಂತಿ ಆಗುವುದನ್ನು ನೋಡುತ್ತಾ. ಸ್ತ್ರೀವೇಷದವರು ಒಳಗಿನ ಗಂಡಸನ್ನು ನಾವು ಮರೆಯಲಿ ಅಂತ ಕುಣಿಯುತ್ತಾರೆ. ಡ್ರ್ಯಾಗ್‌ನಲ್ಲಿ ಹೆಚ್ಚಾಗಿ ಮರೆಯಲು ಬಿಡುವುದಿಲ್ಲ. ಹುಬ್ಬು ದೊಡ್ಡದು, ವಿಗ್ ದೊಡ್ಡದು, ಹೆಸರೂ ತಾವೇ ಇಟ್ಟುಕೊಂಡದ್ದು. ಗಂಡುವೇಷ ಹಾಕುವ ಹೆಂಗಸರೂ ಇದ್ದಾರೆ. ಹಾಗಾಗಿ 'ಹೆಣ್ಣುವೇಷ' ಅಂತ ಬರೆದರೆ ಸಾಲದು, ಡ್ರ್ಯಾಗ್ ಅಂತಲೇ ಬರೆಯುತ್ತೇನೆ.

ಇನ್ನೊಂದು ವ್ಯತ್ಯಾಸ ನನಗೆ ದೊಡ್ಡದು. ಆಟ ಮುಗಿದ ಮೇಲೆ ಬಣ್ಣ ತೆಗೆದು ಮನೆಗೆ ಹೋಗಲು ವೇಷಧಾರಿಗೆ ಭಯವಿಲ್ಲ. ಆ ಪಾರ್ಟಿಗೆ ಬರುವ ಎಷ್ಟೋ ಜನರಿಗೆ ಮನೆಯೇ ಭಯ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಒಂದೇ ಲಿಂಗದ ವಯಸ್ಕರು ಒಪ್ಪಿ ಪ್ರೀತಿಸಿದರೆ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನಡಿ ಅಪರಾಧವಲ್ಲ ಅಂದಿತು. ಮನೆಯವರು ಅಷ್ಟು ಬೇಗ ಹೇಳಲಿಲ್ಲ.

ಅದಕ್ಕೇ ಕವಿತೆಯಲ್ಲಿ ಯಾರ ಹೆಸರು, ಊರು, ಕೆಲಸ ಯಾವುದೂ ಬರದ ಹಾಗೆ ನೋಡಿಕೊಳ್ಳುತ್ತೇನೆ. ಒಮ್ಮೆ ಒಬ್ಬರ ಭುಜದ ಮಚ್ಚೆಯ ಬಗ್ಗೆ ಒಂದು ಸಾಲು ಬರೆದಿದ್ದೆ, ತುಂಬಾ ಇಷ್ಟದ ಸಾಲು. ಅವರಿಗೇ ಓದಿ ಹೇಳಿದೆ. 'ಅಮ್ಮನಿಗೆ ಗೊತ್ತಾಗುತ್ತದೆ' ಅಂದರು. ತೆಗೆದುಬಿಟ್ಟೆ.